ಅಜ್ಜಿಗೆ 101, ಅಪ್ಪ ಹೋಗಿದ್ದು 61ಕ್ಕೆ: ಡಿಎನ್‌ಎ ಕಿಟ್ ತರಿಸಬೇಕಾ?

ತೋಟದಮನೆ, ಹೊಸನಗರ

ನಮಸ್ಕಾರ. ನಮ್ಮ ಅಜ್ಜಿಗೆ, ಅಂದ್ರೆ ಅಪ್ಪನ ಅಮ್ಮನಿಗೆ, 101 ಅಂತ ಮನೆ ಲೆಕ್ಕ. ಕಿವಿ ಮಂದ, ಮಂಡಿ ನೋವು. ಅದು ಬಿಟ್ಟರೆ ಬಿಪಿ ಮಾತ್ರೆನೂ ಇಲ್ಲ. ಅಡಿಕೆ ಸುಲಿಯೋ ದಿನ ಜಗುಲಿಯಲ್ಲಿ ಕೂತು ಯಾರು ಎಷ್ಟು ಡಬ್ಬ ಸುಲಿದರು ಅಂತ ಬಾಯಲ್ಲೇ ಲೆಕ್ಕ ಇಡ್ತಾರೆ, ನನ್ನ ಪುಸ್ತಕದ ತಪ್ಪು ಹಿಡೀತಾರೆ. ಅವರ ತಮ್ಮ 96, ಇನ್ನೂ ಗಟ್ಟಿ. ಅಕ್ಕ 94ಕ್ಕೆ ಹೋದರು. ಆದರೆ ನಮ್ಮಪ್ಪ 61ಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋದರು. ನನಗೀಗ 50. ಬೆಂಗಳೂರಲ್ಲಿ ಓದ್ತಿರೋ ಮಗ "ಆಯಸ್ಸಿನ ಜೀನ್ ಇದೆಯಾ ನೋಡೋಣ, ಎಂಜಲು ಕಳಿಸಿದ್ರೆ ಸಾಕು" ಅಂತ ಕಿಟ್ ತರಿಸೋಕೆ ಹೊರಟಿದಾನೆ. ದುಡ್ಡು ದಂಡವಾ?

ಹಿನ್ನೀರ ದಂಡೆ

ಮೊದಲು ಆ 101 ಗಟ್ಟಿನಾ ನೋಡಿ ಮಾರಾಯ್ರೆ. ನಮ್ಮ ಕಡೆ ಆಧಾರ್‌ನಲ್ಲಿ ಅಜ್ಜ ಅಜ್ಜಿಯರೆಲ್ಲ ಜನವರಿ 1ಕ್ಕೇ ಹುಟ್ಟಿದವರು! ಅಮೆರಿಕದಲ್ಲೂ ಅಷ್ಟೇ. ಜನನ ಪ್ರಮಾಣಪತ್ರ ಕೊಡೋಕೆ ಶುರುವಾದ ಮೇಲೆ 110 ದಾಟಿದವರ ಸಂಖ್ಯೆ ಒಂದೇ ಸಲ ಇಳೀತು ಅಂತ ಸಾಲ್ ನ್ಯೂಮನ್ ಅನ್ನೋ ಸಂಶೋಧಕರು ತೋರಿಸಿದ್ರು. ಇಂಥ ಕೆಲಸಕ್ಕೇ ಅವರಿಗೆ 2024ರ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ) ಸಿಕ್ಕಿದ್ದು. ಅಜ್ಜಿ ಜಾತಕ ಇದ್ರೆ ಸಂವತ್ಸರ ನೋಡಿ.

ತೋಟದಮನೆ, ಹೊಸನಗರ

ಇದೆ. ರಕ್ತಾಕ್ಷಿ, ಕಾರ್ತಿಕ ಮಾಸ.

ಹಿನ್ನೀರ ದಂಡೆ

ಹಂಗಾದ್ರೆ 1924ರ ದೀಪಾವಳಿ ಮುಗಿದ ಮೇಲೆ. ಮುಂದಿನ ರಕ್ತಾಕ್ಷಿ ಬಂದಿದ್ದು 1984ರಲ್ಲಿ, ಅಜ್ಜಿ ಆಗ ಹುಟ್ಟಿರೋಕಂತೂ ಸಾಧ್ಯ ಇಲ್ಲ. ಲೆಕ್ಕ ಸರಿ ಇದೆ, ನನ್ನ ನಮಸ್ಕಾರ ಹೇಳಿ.

ಲ್ಯಾಬಕ್ಕ, ಸಾಗರ

ಸಾಗರದಲ್ಲಿ ಬಹಳ ವರ್ಷ ಲ್ಯಾಬಲ್ಲಿ ರಕ್ತ ತೆಗೆದವಳು ನಾನು, ಈಗ ಮನೇಲಿದೀನಿ. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಆಯಸ್ಸಿನಲ್ಲಿ ವಂಶದ ಪಾಲು ಎಷ್ಟು ಅಂತ ಡೆನ್ಮಾರ್ಕಿನವರು 1870ರಿಂದ 1900ರೊಳಗೆ ಹುಟ್ಟಿದ 2872 ಜೋಡಿ ಅವಳಿಗಳನ್ನ ಇಟ್ಕೊಂಡು ಲೆಕ್ಕ ಹಾಕಿದ್ರು. 1996ರಲ್ಲಿ ಬಂದ ಉತ್ತರ: ಗಂಡಸರಲ್ಲಿ 26%, ಹೆಂಗಸರಲ್ಲಿ 23%. ನಿಮ್ಮ ಆಯಸ್ಸಿನ ಕಾಲು ಭಾಗ ಜೀನಿಂದ ಬಂತು ಅಂತ ಇದರ ಅರ್ಥ ಅಲ್ಲ. ಜನರ ಆಯಸ್ಸಿನಲ್ಲಿ ಹೆಚ್ಚು ಕಮ್ಮಿ ಇರುತ್ತಲ್ಲ, ಆ ವ್ಯತ್ಯಾಸದಲ್ಲಿ ಅಷ್ಟು ಪಾಲು. 2018ರಲ್ಲಿ 40 ಕೋಟಿಗೂ ಹೆಚ್ಚು ಜನರ ವಂಶವೃಕ್ಷ ಜಾಲಾಡಿ, 10%ಕ್ಕಿಂತಲೂ ಕಮ್ಮಿ ಅಂದ್ರು. ಯಾಕೆ ಗೊತ್ತಾ? ರಕ್ತಸಂಬಂಧವೇ ಇಲ್ಲದ ಬೀಗರ ಕಡೆಯವರ ಆಯಸ್ಸೂ ಹೊಂದ್ತಾ ಇತ್ತು! ನಮ್ಮಲ್ಲಿ ಮನೆತನ, ತೋಟ, ಓದು ಎಲ್ಲ ನೋಡಿ ಸಂಬಂಧ ಮಾಡ್ತಾರಲ್ಲ, ಅಲ್ಲೂ ಹಂಗೇ. ತಮ್ಮಂಥವರನ್ನೇ ಮದುವೆ ಆಗ್ತಾರೆ. ಹಿಂದಿನವರು ಅದನ್ನೂ ಜೀನಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ರು.

ನೂರು ದಾಟೋದು ಮಾತ್ರ ಬೇರೆ ವಿಷಯ. ಬೋಸ್ಟನ್ನಿನವರು ಶತಾಯುಷಿಗಳ ಒಡಹುಟ್ಟಿದವರನ್ನ ನೋಡಿದ್ರು. ಉಳಿದವರಿಗಿಂತ ಅಣ್ಣತಮ್ಮಂದಿರು ನೂರು ಮುಟ್ಟೋ ಸಾಧ್ಯತೆ 17 ಪಟ್ಟು, ಅಕ್ಕತಂಗಿಯರದು 8 ಪಟ್ಟು. ಹಂಗಾಗಿ ನಿಮ್ಮಜ್ಜಿ, ಅವರ ತಮ್ಮ, ಅಕ್ಕ ಮೂವರದ್ದೂ ಬರೀ ಕಾಕತಾಳೀಯ ಅನ್ನೋಕೆ ನನಗೂ ಮನಸ್ಸಿಲ್ಲ. ಆದರೆ ಅವರದ್ದರಲ್ಲಿ ನಿಮಗೆ ಬಂದಿರೋದು ಹೆಚ್ಚುಕಮ್ಮಿ ಕಾಲು ಭಾಗ, ಅದೂ ಯಾವ ಕಾಲು ಅಂತ ಆರಿಸೋಕಾಗಲ್ಲ.

ಕಿಟ್‌ನವರು ಸಾಮಾನ್ಯವಾಗಿ ತೋರಿಸೋದು ಅಪೊಇ, ಫಾಕ್ಸೋ-3 ಇಂಥವು. ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಜೀನುಗಳು ಇವೇ. ಆದರೆ ಒಂದೊಂದರ ಪರಿಣಾಮ ಸಣ್ಣದು, ನೀವು ಎಷ್ಟು ವರ್ಷ ಇರ್ತೀರಿ ಅಂತ ಯಾವುದೂ ಹೇಳಲ್ಲ. ಅಪೊಇಯ 4ನೇ ನಮೂನೆ ಬಂದ್ರಂತೂ ಮರೆವಿನ ಕಾಯಿಲೆ ಭಯ ಬೇರೆ ಗಂಟು ಬೀಳುತ್ತೆ. ಅದು ಬೇಕಾ ಅಂತ ಮಗನನ್ನೂ ಕೇಳಿ.

ನಾನು ಹೇಳೋದು ಅಜ್ಜಿ ಜೀನ್ ಹುಡುಕೋದು ಬಿಟ್ಟು ಅಪ್ಪನದ್ದು ಹುಡುಕಿ ಅಂತ. ಲಿಪೊಪ್ರೋಟೀನ್ ಎ ಅಂತ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗೋ ಒಂದು ಥರದ ಕಣ, ಅದನ್ನ ಅಳೆಯೋ ರಕ್ತಪರೀಕ್ಷೆ ಇದೆ. ಸಾಮಾನ್ಯ ಕೊಲೆಸ್ಟ್ರಾಲ್ ರಿಪೋರ್ಟಲ್ಲಿ ಇದು ಬರಲ್ಲ, ಬೇರೆಯಾಗಿ ಬರೆಸಬೇಕು. ಇದರ ಮಟ್ಟ ಬಹುಪಾಲು ಹುಟ್ಟಿನಿಂದಲೇ ಬಂದಿದ್ದು, ಊಟ ವಾಕಿಂಗಿಂದ ಹೆಚ್ಚು ಬದಲಾಗಲ್ಲ, ಆದ್ದರಿಂದ ಸಾಧಾರಣವಾಗಿ ಒಂದು ಸಲ ಮಾಡಿಸಿದ್ರೆ ಸಾಕು. ಜಾಸ್ತಿ ಇದ್ರೆ ಹೃದಯಾಘಾತದ ಅಪಾಯ ಏರುತ್ತೆ. ತಮಾಷೆ ಅಂದ್ರೆ ಅದರ ಜೀನೂ ಫಾಕ್ಸೋ-3 ಇರೋ 6ನೇ ಕ್ರೋಮೋಸೋಮಲ್ಲೇ ಇದೆ. ಜಾಸ್ತಿ ಬಂದ್ರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಬಿಪಿ, ಶುಗರ್ ಮೂರನ್ನೂ ಉಳಿದವರಿಗಿಂತ ಬಿಗಿಯಾಗಿ ಹಿಡೀಬೇಕು. ಮಗನಿಗೂ ಮಾಡಿಸಿ.

ಕೊಪ್ಪದ ಮಾಣಿ

ನಮ್ಮಜ್ಜ ದಿನಾ ಹೊಗೆಸೊಪ್ಪು ಹಾಕಿ ಎಲೆಅಡಿಕೆ ಕವಳ ತಿಂದು 93 ಬದುಕಿದ್ರು. ಫ್ರಾನ್ಸಿನ ಕಾಲ್ಮಾ ಅನ್ನೋ ಅಜ್ಜಿ ಸಿಗರೇಟು ಸೇದಿಕೊಂಡೇ 122 ಬದುಕಿದ್ರು. ಪರೀಕ್ಷೆ ಎಲ್ಲ ಎಂತಕ್ಕೆ?

ಲ್ಯಾಬಕ್ಕ, ಸಾಗರ

ಮಾಣಿ, ಕವಳ ತಿಂದು 50ಕ್ಕೇ ಬಾಯಿ ಕ್ಯಾನ್ಸರ್ ಬಂದವರು ಇಲ್ಲಿ ಬಂದು ಬರೆಯಲ್ಲ. ಹೊಗೆಸೊಪ್ಪು ಇಲ್ಲದಿದ್ರೂ ಅಡಿಕೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಲ್ಲೇ ಇದೆ. ಅಡಿಕೆ ತೋಟದವರ ಮಧ್ಯೆ ಇದನ್ನ ಹೇಳಿ ಬೈಸಿಕೊಳ್ಳೋದು ನನಗೆ ಅಭ್ಯಾಸ ಆಗಿದೆ. ಕಾಲ್ಮಾ ಅವರ ಅಣ್ಣ 97, ಅಪ್ಪ 93. ಅವರ ಮನೆತನವೇ ಹಂಗೆ.

ತೋಟದಮನೆ, ಹೊಸನಗರ

ಅಕ್ಕಾ, ಶಿವಮೊಗ್ಗಕ್ಕೆ ಅಡಿಕೆ ಮಂಡಿ ಕೆಲಸಕ್ಕೆ ಹೋಗೋದಿದೆ, ಅಲ್ಲೇ ಕೊಟ್ಟು ಬರ್ತೀನಿ. ಬರೀ ಹೊಟ್ಟೇಲಿ ಹೋಗ್ಬೇಕಾ?

ಲ್ಯಾಬಕ್ಕ, ಸಾಗರ

ಇದೊಂದಕ್ಕೆ ಬೇಡ, ತಿಂಡಿ ತಿಂದೇ ಹೋಗಿ. ಶುಗರೂ ಜೊತೆಗೆ ಮಾಡಿಸೋದಾದ್ರೆ ಮಾತ್ರ ಬರೀ ಹೊಟ್ಟೆ. ರಿಪೋರ್ಟಲ್ಲಿ ಅಳತೆ ಎರಡು ಥರ ಬರುತ್ತೆ, ಮಿಲಿಗ್ರಾಂ ಇಲ್ಲ ನ್ಯಾನೋಮೋಲ್. ಯಾವುದು ಅಂತ ನೋಡಿಕೊಂಡು ಇಲ್ಲಿ ಹಾಕಿ.