ಡಬ್ಲ್ಯುಎಸ್‌ಎಲ್2ರಲ್ಲಿ ವೇನ್ಸ್: ಸುಮೋಗೆ ಕನೆಕ್ಟ್ ಆಗ್ತಿಲ್ಲ

ಬೈಟು_ಕಾಫಿ:
ವಿಂಡೋಸ್ 11, ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ವ್ಯವಸ್ಥೆ), ಅದರಲ್ಲಿ ಉಬುಂಟು 22.04, 8 ಜಿಬಿ ರ‍್ಯಾಮ್. ನೆಟ್‌ವರ್ಕ್ ಸಿಮ್ಯುಲೇಟರ್ ಓಮ್ನೆಟ್++, ಅದರ ಮೇಲೆ ವಾಹನಗಳ ನಡುವಿನ ಸಂವಹನ ಸಿಮ್ಯುಲೇಟ್ ಮಾಡೋ ವೇನ್ಸ್, ಎರಡೂ ಉಬುಂಟು ಒಳಗಿವೆ. ಟ್ರಾಫಿಕ್ ಸಿಮ್ಯುಲೇಟರ್ ಸುಮೋ ಮತ್ತು ವೇನ್ಸ್ ಕೇಳಿದಾಗ ಅದನ್ನು ಶುರು ಮಾಡೋ ಲಾಂಚ್‌ಡಿ ಸ್ಕ್ರಿಪ್ಟ್ ವಿಂಡೋಸ್‌ನಲ್ಲೇ ಓಡ್ತಿವೆ. ಸಿಮ್ಯುಲೇಶನ್ ಶುರು ಮಾಡಿದರೆ ಟ್ರೇಸಿ (ವೇನ್ಸ್ ಸುಮೋ ಜೊತೆ ಮಾತಾಡೋ ಕೊಂಡಿ) ಸರ್ವರ್ ಸಿಗಲಿಲ್ಲ, 111, ಕನೆಕ್ಷನ್ ರೆಫ್ಯೂಸ್ಡ್ ಅಂತ ಎರರ್. ಫೈರ್‌ವಾಲ್‌ನಲ್ಲಿ ಪೋರ್ಟ್ 9999 ತೆರೆದರೂ ಅದೇ ಕಥೆ. ಬಿಲ್ಡ್ ಕೂಡ ವಿಪರೀತ ನಿಧಾನ, ಮಧ್ಯೆ ಕಂಪೈಲರ್ 'ಕಿಲ್ಡ್' ಅಂತ ನಿಂತುಬಿಡುತ್ತೆ.

ಪೋರ್ಟ್_ಪುರಾಣ:
ಫೈರ್‌ವಾಲ್ ಬಿಡಿ. ಡಬ್ಲ್ಯುಎಸ್‌ಎಲ್2 ಒಂದು ವರ್ಚುವಲ್ ಮಷೀನ್, ಅದಕ್ಕೆ ಬೇರೆಯೇ ಐಪಿ. ಸಿಮ್ಯುಲೇಶನ್ ಸೆಟ್ಟಿಂಗ್ ಇರೋ ಐಎನ್‌ಐ ಫೈಲಿನಲ್ಲಿ ಮ್ಯಾನೇಜರ್ ಹೋಸ್ಟ್ 'ಲೋಕಲ್‌ಹೋಸ್ಟ್' (ಅಂದರೆ ಇದೇ ಮಷೀನ್) ಅಂತಿದ್ದರೆ ವೇನ್ಸ್ ಹುಡುಕೋದು ಉಬುಂಟು ಒಳಗೆ, ಅಲ್ಲಿ ಯಾರೂ ಕೇಳಿಸಿಕೊಳ್ತಿಲ್ಲ. ವಿಂಡೋಸ್‌ನಿಂದ ಒಳಕ್ಕೆ ಲೋಕಲ್‌ಹೋಸ್ಟ್ ತಾನಾಗೇ ದಾಟುತ್ತೆ, ಒಳಗಿಂದ ಹೊರಕ್ಕೆ ದಾಟಲ್ಲ. ಮಿರರ್ಡ್ ನೆಟ್‌ವರ್ಕಿಂಗ್ (ಎರಡೂ ಕಡೆ ಒಂದೇ ನೆಟ್‌ವರ್ಕ್ ಕಾಣಿಸೋ ಸೆಟ್ಟಿಂಗ್) ಹಾಕಿದರೆ ದಾಟಿಸಬಹುದು, ಆದರೆ ಇಷ್ಟಕ್ಕೆ ಅದೆಲ್ಲ ಯಾಕೆ? ಸುಮೋವನ್ನೂ ಉಬುಂಟು ಒಳಗೇ ಹಾಕಿ, ಸುಮೋ ಇರೋ ಫೋಲ್ಡರ್ ತೋರಿಸೋ ಸುಮೋ_ಹೋಮ್ ವೇರಿಯಬಲ್ ಸೆಟ್ ಮಾಡಿ, ವೇನ್ಸ್‌ನ ಬಿನ್ ಫೋಲ್ಡರಿನಲ್ಲಿರೋ ವೇನ್ಸ್_ಲಾಂಚ್‌ಡಿಯನ್ನು ಇನ್ನೊಂದು ಟರ್ಮಿನಲ್‌ನಲ್ಲಿ ಓಡಿಸಿ. ಅದಕ್ಕೆ ಎರಡು 'ವಿ' ಇರುವ ಆಪ್ಶನ್ ಕೊಟ್ಟರೆ ಸುಮೋ ಯಾಕೆ ಬಿತ್ತು ಅನ್ನೋದೂ ಪರದೆ ಮೇಲೆ ಕಾಣುತ್ತೆ.

ಮೇಕ್_ಮಾರಪ್ಪ:
ಬಿಲ್ಡ್ ವಿಷಯ. ಸೋರ್ಸ್ ಸಿ ಡ್ರೈವ್‌ನಲ್ಲಿದೆಯಾ? ಹಾಗಿದ್ದರೆ ಪ್ರತಿ ಹೆಡರ್ ಫೈಲೂ ಎರಡು ಸಿಸ್ಟಮ್‌ಗಳ ಗಡಿ ದಾಟಿ ಬರಬೇಕು, ನಿಧಾನ ಅದರಿಂದಲೇ. ಲಿನಕ್ಸ್ ಹೋಮ್ ಫೋಲ್ಡರಿಗೆ ಸಾಗಿಸಿ. 'ಕಿಲ್ಡ್' ಆಗೋದು ಮೆಮೊರಿ ಸಾಲದೆ: ಡಬ್ಲ್ಯುಎಸ್‌ಎಲ್ ಸಾಮಾನ್ಯವಾಗಿ ಅರ್ಧ ರ‍್ಯಾಮ್ ಅಷ್ಟೇ ತೆಗೆದುಕೊಳ್ಳುತ್ತೆ, ನಿಮಗೆ 4 ಜಿಬಿ. ಬಿಲ್ಡ್ ಓಡಿಸೋ ಮೇಕ್‌ಗೆ ಎಲ್ಲ ಕೋರ್ ಕೊಡಬೇಡಿ, 2 ಸಾಕು. ವಿಂಡೋಸ್ ಯೂಸರ್ ಫೋಲ್ಡರಿನ ಡಬ್ಲ್ಯುಎಸ್‌ಎಲ್ ಕಾನ್ಫಿಗ್ ಫೈಲಿನಲ್ಲಿ ಮೆಮೊರಿ 6 ಜಿಬಿ ಅಂತ ಬರೆದು, ಡಬ್ಲ್ಯುಎಸ್‌ಎಲ್ ಪೂರ್ತಿ ಶಟ್‌ಡೌನ್ ಮಾಡಿ. ಬರೀ ಟರ್ಮಿನಲ್ ಮುಚ್ಚಿ ತೆರೆದರೆ ಹೊಸ ಮಿತಿ ಹತ್ತಲ್ಲ. 3ಡಿ ನಕ್ಷೆ ಬೇಡದಿದ್ದರೆ ಓಮ್ನೆಟ್ ಕಾನ್ಫಿಗರ್ ಫೈಲಿನಲ್ಲಿ ಓಎಸ್‌ಜಿ, ಓಎಸ್‌ಜಿ ಅರ್ಥ್ ಅನ್ನೋ 3ಡಿ ಲೈಬ್ರರಿಗಳೆರಡಕ್ಕೂ 'ನೋ' ಹಾಕಿ, ಅರ್ಧ ತಲೆನೋವು ಅಲ್ಲೇ ತಪ್ಪುತ್ತೆ.

ಬೈಟು_ಕಾಫಿ:
ಬಿಲ್ಡ್ ಸಲೀಸಾಗಿ ಆಯ್ತು, ಕನೆಕ್ಟೂ ಆಯ್ತು. ಈಗ ಟ್ರೇಸಿ ಎಪಿಐ ವರ್ಶನ್‌ಗೆ ಬೆಂಬಲ ಇಲ್ಲ ಅಂತಿದೆ. ಪಿಪಿಎಯಿಂದ (ಉಬುಂಟುವಿನ ಹೆಚ್ಚುವರಿ ಪ್ಯಾಕೇಜ್ ಭಂಡಾರ) ಸುಮೋ ಹಾಕಿದ್ದೆ.

ಪೋರ್ಟ್_ಪುರಾಣ:
ಪಿಪಿಎ ಕೊಡೋದು ಹೊಚ್ಚ ಹೊಸ ಸುಮೋ. ನಿಮ್ಮ ವೇನ್ಸ್ ಬಿಡುಗಡೆಯ ಟಿಪ್ಪಣಿಯಲ್ಲಿ ಯಾವ ಸುಮೋ ಅಂತ ಬರೆದಿರುತ್ತೆ, ಅದನ್ನೇ ಹಾಕಿ. ಪೈಥಾನ್ ಪಿಪ್‌ನಲ್ಲಿ ಎಕ್ಲಿಪ್ಸ್-ಸುಮೋ ಪ್ಯಾಕೇಜಿಗೆ ವರ್ಶನ್ ನಂಬರ್ ಕೊಟ್ಟು ತರಿಸಬಹುದು. ಆಮೇಲೆ ವೇನ್ಸ್ ಜೊತೆ ಬರೋ ಎರ್ಲಾಂಗೆನ್ ಉದಾಹರಣೆ ಓಡಿಸಿ: 73ನೇ ಸೆಕೆಂಡಿಗೆ ಮೊದಲ ಕಾರು ಅಪಘಾತಕ್ಕೆ ಸಿಕ್ಕಿ 50 ಸೆಕೆಂಡ್ ನಿಲ್ಲಬೇಕು. ನಿಂತರೆ ಟ್ರೇಸಿ ಸರಿಯಾಗಿದೆ.