ಪದಚರ್ಚೆ: ಧ್ರುವದ ನಡುವಿನ ಕಲ್ಲು, ಕರಿಬಂಡೆಯೋ ಸೂಜಿಗಲ್ಲೋ?

ಎಲ್ಲರಿಗೂ ನಮಸ್ಕಾರ.

ನಕ್ಷೆಗಾರ ಮರ್ಕೇಟರ್ ತೀರಿಕೊಂಡ ಮರುವರ್ಷ, 1595ರಲ್ಲಿ, ಅಚ್ಚಾದ ಅವನ ಉತ್ತರ ಧ್ರುವದ ನಕ್ಷೆಯ ಲ್ಯಾಟಿನ್ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಟ್ಟನಡುವಿನ ಒಂದು ಹೆಸರಿಗೆ ಬಂದು ನಿಂತುಬಿಟ್ಟಿದ್ದೇನೆ.

ಭೂಮಿಯ ನೆತ್ತಿಯನ್ನು ನೇರ ಮೇಲಿನಿಂದ ನೋಡಿದಂತೆ ಬರೆದ ನಕ್ಷೆ ಅದು. ಧ್ರುವದ ಸುತ್ತ ನಾಲ್ಕು ದೊಡ್ಡ ದ್ವೀಪಗಳು. ಒಂದರ ಮೇಲೆ, ಹೆಚ್ಚೆಂದರೆ ನಾಲ್ಕಡಿ ಎತ್ತರದ ಕುಳ್ಳರು ಇಲ್ಲಿ ವಾಸಿಸುತ್ತಾರೆ ಎಂಬ ಬರಹ. ದ್ವೀಪಗಳ ನಡುವಿನ ನಾಲ್ಕು ಹೊಳೆಗಳು ಒಳಮುಖವಾಗಿ ಹರಿದು, ಸುಳಿಗೆ ಸಿಕ್ಕಿ ಭೂಮಿಯ ಹೊಟ್ಟೆಗೆ ಇಳಿಯುತ್ತವೆ. ಈ 'ಸುಳಿ' ಮಾತ್ರ ಹುಡುಕದೆಯೇ ಒದಗಿತು, 'ಆವರ್ತ' ಬೇಕೆನಿಸಲಿಲ್ಲ. ಮಗುವಿನ ನೆತ್ತಿಯಲ್ಲಿ ಕೂದಲು ತಿರುಗುವ ಜಾಗವೂ ಸುಳಿ, ಬಾಳೆಯ ನಡುವಿನಿಂದ ಸುರುಳಿಯಾಗಿ ಏಳುವ ಎಳೆಯೆಲೆಯೂ ಸುಳಿ. ಆ ಚಿತ್ರಕ್ಕೆ ಬೇಕಾದದ್ದೆಲ್ಲ ಆ ಎರಡಕ್ಷರದಲ್ಲೇ ಇದೆ.

ತೊಡಕಿರುವುದು ಸುಳಿಯ ಮಧ್ಯೆ ನಿಂತ ಕಲ್ಲಿನಲ್ಲಿ. ನಕ್ಷೆಯಲ್ಲಿ ಅದರ ಹೆಸರು 'ರೂಪೆಸ್ ನಿಗ್ರಾ ಎಟ್ ಆಲ್ಟಿಸ್ಸಿಮಾ': ಕಪ್ಪಾದ, ಬಹಳ ಎತ್ತರದ ಕಡಿದಾದ ಕಲ್ಲು. ಮೊದಲು 'ಕರಿಬಂಡೆ' ಎಂದು ಬರೆದೆ. ಆದರೆ ಬಂಡೆ ಎಂದೊಡನೆ ನನಗೆ ಕಾಣುವುದು ರಾಗಿ ಒಣಹಾಕುವ, ಮಲಗಿದ ಕಲ್ಲು. ಯಾಣದಲ್ಲಿ ನೆಟ್ಟಗೆ ನಿಂತ ಕರಿಯ ಕಲ್ಲುಗಳನ್ನು ಭೈರವೇಶ್ವರ ಶಿಖರ, ಮೋಹಿನಿ ಶಿಖರ ಎನ್ನುತ್ತಾರೆ. ಆದರೆ 'ಕರಿಶಿಖರ' ಎಂದರೆ ಬೆಟ್ಟದ ತುದಿ ಎಂದಷ್ಟೇ ಅರ್ಥವಾದೀತು. 'ಮೇರು' ಎನ್ನಿ ಎಂದು ಗೆಳೆಯರೊಬ್ಬರು ಹೇಳಿದರು. ಆರ್ಯಭಟನ ಮೇರುವೂ ಉತ್ತರ ಧ್ರುವದಲ್ಲೇ ಇದೆ, ನಿಜ. ಆದರೆ ಅವನ ಮೇರು ರತ್ನಮಯ, ಬೆಳಕು ಬೀರುವಂಥದ್ದು. ಇದು ಕಪ್ಪು ಕಲ್ಲು.

ಅವರೇ ಸೂಚಿಸಿದ ಇನ್ನೊಂದು ಪದ 'ಸೂಜಿಗಲ್ಲು'. ಇದಕ್ಕೆ ಮನಸ್ಸು ಸೋತಿತು. 1577ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜಾನ್ ಡೀಗೆ ಬರೆದ ಪತ್ರದಲ್ಲಿ ಮರ್ಕೇಟರ್ ಹಳೆಯ ಪ್ರವಾಸಕಥನವೊಂದನ್ನು ಉದ್ಧರಿಸುತ್ತಾನೆ: ಈ ಕಲ್ಲಿನ ಸುತ್ತಳತೆ ಸುಮಾರು 33 ಫ್ರೆಂಚ್ ಮೈಲಿ, ಇಡಿಯಾಗಿ ಅಯಸ್ಕಾಂತದ ಕಲ್ಲು. ಹಾಗಿದ್ದರೂ ನಾನು ಒಪ್ಪಲಿಲ್ಲ. ದಿಕ್ಸೂಚಿ ತೋರಿಸುವ ಉತ್ತರವೂ ನಿಜವಾದ ಧ್ರುವವೂ ಬೇರೆ ಬೇರೆ ಎಂದು ಮರ್ಕೇಟರ್ ಬಲ್ಲ. ಅದಕ್ಕೇ ಅದೇ ನಕ್ಷೆಯಲ್ಲಿ, ಏಷ್ಯಾ ಮತ್ತು ಅಮೆರಿಕದ ನಡುವಿನ ಜಲಸಂಧಿಯ ಕಡೆಗೆ ಇನ್ನೊಂದು ಕಲ್ಲನ್ನು ಬಿಡಿಸಿ, ಅದನ್ನು ಕಾಂತಧ್ರುವವೆಂದು ಗುರುತಿಸಿದ್ದಾನೆ. ಸೂಜಿಗಲ್ಲು ಎಂಬ ಹೆಸರು ಸಲ್ಲಬೇಕಾದದ್ದು ಅದಕ್ಕೆ. ನಡುವಿನದಕ್ಕೆ ಅದನ್ನು ಕೊಟ್ಟರೆ ಅವನು ಎಚ್ಚರದಿಂದ ಬೇರೆ ಮಾಡಿದ್ದನ್ನು ನಾನು ಕಲಸಿದಂತಾಗುತ್ತದೆ.

ಹಾಗಾಗಿ ಸದ್ಯಕ್ಕೆ 'ಕರಿಯ ಕೋಡುಗಲ್ಲು' ಎಂದು ಬರೆದುಕೊಂಡಿದ್ದೇನೆ. ನಿಮ್ಮ ಕಡೆ ಕೋಡುಗಲ್ಲು ಎಂದರೆ ಒಂಟಿಯಾಗಿ ನಿಂತ ಎತ್ತರದ ಕಲ್ಲೇ, ಅಥವಾ ಬೆಟ್ಟದ ನೆತ್ತಿಯ ಕಲ್ಲು ಮಾತ್ರವೇ? ಜೊತೆಗೆ, 'ಸೂಜಿಗಲ್ಲಿನಂತೆ ಸೆಳೆಯುವ' ಎಂಬ ಹೋಲಿಕೆಯ ಹೊರತಾಗಿ, ಕಲ್ಲನ್ನೇ ಕೈಯಲ್ಲಿ ಹಿಡಿದು ಸೂಜಿಗಲ್ಲು ಎನ್ನುವ ರೂಢಿಯನ್ನು ಯಾರಾದರೂ ಕೇಳಿದ್ದೀರಾ? ಯಾವ ಊರಿನ ಕಡೆ ಎಂಬುದನ್ನೂ ತಿಳಿಸಿ.