ಪಿಎಸ್‌ಪಿಗೆ ಮನೆಯಲ್ಲೇ ಚಾರ್ಜರ್: ಮಾಡಿ ನೋಡಿದವರು ಹೇಳಿ

ಕೇಳಿದ್ದು, ಮಂಗಳೂರಿನಿಂದ:

ಅಣ್ಣ ಆಡಿ ಬಿಟ್ಟ ಪಿಎಸ್‌ಪಿ 3000, ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಈಗ ನನ್ನ ಹತ್ತಿರ ಉಂಟು. ಹೊಸ ಬ್ಯಾಟರಿ ಹಾಕಿದ್ದೇನೆ, ಆದರೂ ನಾಲ್ಕು ಗಂಟೆಗಿಂತ ಜಾಸ್ತಿ ಬರುವುದಿಲ್ಲ. ಮುಂದಿನ ತಿಂಗಳು ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ ಹೋಗಲಿಕ್ಕಿದೆ. ಮಧ್ಯಾಹ್ನ ಹತ್ತಿದರೆ ಇಳಿಯುವುದು ಮರುದಿನ ಬೆಳಿಗ್ಗೆ. ಸ್ಲೀಪರ್ ಬೋಗಿಯಲ್ಲಿ ಚಾರ್ಜಿಂಗ್ ಪಾಯಿಂಟ್ ಸಿಕ್ಕಿದರೆ ಪುಣ್ಯ. ಸೋಲ್ಡರಿಂಗ್ ಸ್ವಲ್ಪ ಬರುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿಗೆ ವೋಲ್ಟೇಜ್ ಇಳಿಸುವ 7805 ಚಿಪ್ ಹಾಕಿ 5 ವೋಲ್ಟ್ ಮಾಡುವ ಅಂತ ಯೋಚನೆ. ಸರಿಯಾಗುತ್ತದಾ?

ಉತ್ತರ, ಉಡುಪಿಯಿಂದ:

ಚೌಕ ಬ್ಯಾಟರಿ ಬೇಡ ಮಾರಾಯ್ರೆ. ನಾನು ಶುರು ಮಾಡಿದ್ದೂ ಅದರಿಂದಲೇ. 7805 ಮಾಡುವ ಕೆಲಸ ಇಷ್ಟೇ, ಬಂದ 9 ವೋಲ್ಟಿನಲ್ಲಿ 4 ವೋಲ್ಟನ್ನು ಬಿಸಿ ಮಾಡಿ ಹಾಳು ಮಾಡುತ್ತದೆ, 5 ಉಳಿಸಿ ಕೊಡುತ್ತದೆ. ಹತ್ತಿರ ಹತ್ತಿರ ಅರ್ಧ ಶಕ್ತಿ ಅಲ್ಲೇ ಹೋಯಿತು. ಅದಕ್ಕೆ 7 ವೋಲ್ಟಾದರೂ ಒಳಗೆ ಬರುತ್ತಿರಬೇಕು. ಆ ಬ್ಯಾಟರಿ ಸ್ಮೋಕ್ ಅಲಾರ್ಮ್, ಮಲ್ಟಿಮೀಟರ್ ಇಂಥ ಸಣ್ಣ ಕೆಲಸಕ್ಕೆ ಇರುವಂಥದ್ದು. ಪಿಎಸ್‌ಪಿ ಎಳೆದರೆ ಕೆಲವೇ ನಿಮಿಷದಲ್ಲಿ ಕುಸಿಯುತ್ತದೆ.

18650 ಅನ್ನುವ ಒಂದು ಲಿಥಿಯಂ ಸೆಲ್ ತೆಗೆದುಕೊಳ್ಳಿ. 18 ಮಿಲಿಮೀಟರ್ ದಪ್ಪ, 65 ಉದ್ದ, ಹಳೇ ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಇರುತ್ತಿದ್ದದ್ದು ಅದೇ. ಅದನ್ನು ಚಾರ್ಜ್ ಮಾಡಲಿಕ್ಕೆ ಟಿಪಿ4056 ಬೋರ್ಡ್, 3.7 ವೋಲ್ಟನ್ನು 5ಕ್ಕೆ ಏರಿಸಲಿಕ್ಕೆ ಎಂಟಿ3608 ಬೋರ್ಡ್, ನಡುವೆ ಒಂದು ಸ್ವಿಚ್. ಇಷ್ಟೇ. ಪಿಎಸ್‌ಪಿಯ ಒಳಗಿನ ಬ್ಯಾಟರಿಯನ್ನು ಮುಟ್ಟಲೇಬೇಡಿ. ಅದರ ಒರಿಜಿನಲ್ ಚಾರ್ಜರ್ ಕೊಡುವುದೂ 5 ವೋಲ್ಟೇ. ನೀವು ಆ ದುಂಡು ಕಿಂಡಿಗೆ 5 ವೋಲ್ಟ್ ಮುಟ್ಟಿಸಿದರೆ ಸಾಕು. ಬ್ಯಾಟರಿಗೆ ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಯಂತ್ರವೇ ನೋಡಿಕೊಳ್ಳುತ್ತದೆ. ಪಿನ್ ಹೊರಗಿನಿಂದ 4 ಮಿಲಿಮೀಟರ್, ಒಳಗೆ 1.7. ಮಧ್ಯದಲ್ಲಿ ಪ್ಲಸ್.

ಟಿಪಿ4056 ಕೊಳ್ಳುವಾಗ ಎರಡು ಜಾತಿ ಸಿಗುತ್ತದೆ. ಒಂದರಲ್ಲಿ ಬರೀ ಬ್ಯಾಟರಿಯ ಎರಡು ಜಾಗ. ಇನ್ನೊಂದರಲ್ಲಿ ಔಟ್ ಅಂತ ಬೇರೆ ಎರಡು ಜಾಗ ಇರುತ್ತದೆ, ಹತ್ತಿರದಲ್ಲಿ ಇನ್ನೂ ಎರಡು ಪುಟ್ಟ ಚಿಪ್. ಎರಡನೆಯದನ್ನೇ ತನ್ನಿ. ಸೆಲ್ ತೀರಾ ಕೆಳಗೆ ಇಳಿದರೆ, ಶಾರ್ಟ್ ಆದರೆ, ಕಡಿದು ಹಾಕುವುದು ಆ ಚಿಪ್‌ಗಳೇ. ವಯರ್ ಎಳೆಯುವುದು ಔಟ್‌ನಿಂದ. ಬ್ಯಾಟರಿ ಜಾಗದಿಂದ ಎಳೆದರೆ ಆ ರಕ್ಷಣೆ ಇದ್ದೂ ಇಲ್ಲದ ಹಾಗೆ.

ಈಗ ನಾನು ಕೈ ಸುಟ್ಟುಕೊಂಡ ಜಾಗ. ಎಂಟಿ3608 ಮೇಲೆ ನೀಲಿ ಪೆಟ್ಟಿಗೆ, ಅದರ ತುದಿಗೆ ಹಿತ್ತಾಳೆಯ ಪುಟ್ಟ ಸ್ಕ್ರೂ ಇರುತ್ತದೆ. ವೋಲ್ಟೇಜ್ ಹೊಂದಿಸುವುದು ಅದರಲ್ಲೇ. ಈ ಬೋರ್ಡ್ 28 ವೋಲ್ಟ್‌ವರೆಗೂ ಏರಿಸಬಲ್ಲದು. ಅಂಗಡಿಯಿಂದ ಬಂದಾಗ ಎಷ್ಟಕ್ಕೆ ನಿಂತಿರುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ನಾನು ಅಳೆಯದೆ ಚುಚ್ಚಿದೆ. ಟಿಕ್ ಅಂತ ಸಣ್ಣ ಸದ್ದು, ಪಿಎಸ್‌ಪಿ ಚಾರ್ಜ್ ಆಗುವಾಗ ಉರಿಯುವ ಕಿತ್ತಳೆ ದೀಪ ಒಮ್ಮೆ ಹೊಳೆದು ಆರಿತು. ಆಮೇಲೆ ಮೀಟರ್ ಇಟ್ಟರೆ 11 ವೋಲ್ಟ್ ಚಿಲ್ಲರೆ! ಪಿಎಸ್‌ಪಿ ಬೋರ್ಡಿನ ಫ್ಯೂಸ್ ಹೋಗಿತ್ತು. ಅದನ್ನು ಬದಲಿಸಲಿಕ್ಕೆ ಭೂತಗನ್ನಡಿ ಹಿಡಿದು ಒಂದು ಭಾನುವಾರ ಪೂರ್ತಿ ಕೂತೆ. ಫ್ಯೂಸ್ ಮಾತ್ರ ಹೋದದ್ದು ನನ್ನ ಅದೃಷ್ಟ.

ಹಾಗಾಗಿ ಪಿಎಸ್‌ಪಿ ದೂರ ಇಟ್ಟು, ಮೀಟರ್ ಸಿಕ್ಕಿಸಿ, ಸ್ಕ್ರೂವನ್ನು ಎಡಕ್ಕೆ ತಿರುಗಿಸುತ್ತಾ ಹೋಗಿ. ಮೊದಲ ಹತ್ತು ಸುತ್ತು ಏನೂ ಬದಲಾಗದೆ ಇರಬಹುದು, ಬೋರ್ಡ್ ಹಾಳು ಅಂದುಕೊಳ್ಳಬೇಡಿ. ಮತ್ತೂ ತಿರುಗಿಸಿ, ಒಮ್ಮೆಲೇ ಇಳಿಯಲಿಕ್ಕೆ ಶುರುವಾಗುತ್ತದೆ. 5.1ಕ್ಕೆ ನಿಲ್ಲಿಸಿ ಸ್ಕ್ರೂ ಮೇಲೆ ಒಂದು ಹನಿ ನೈಲ್ ಪಾಲಿಶ್ ಹಾಕಿ. ಬ್ಯಾಗಿನಲ್ಲಿ ಅಲ್ಲಾಡಿದರೂ ತಿರುಗಬಾರದು ಅಲ್ವಾ.

ವಯರ್ ದಪ್ಪದ್ದೇ ಇರಲಿ. 5 ವೋಲ್ಟಿನಲ್ಲಿ 1 ಆಂಪ್ ಹೋಗಬೇಕಾದರೆ ಸೆಲ್‌ನಿಂದ 1.6 ಆಂಪ್ ಬರಬೇಕು. ಸಪೂರ ವಯರ್ ಆದರೆ ವೋಲ್ಟೇಜ್ ಅಲ್ಲೇ ಸೋರುತ್ತದೆ. ಸೆಲ್ ಮೈಗೆ ನೇರ ಬೆಸುಗೆ ಹಾಕಬೇಡಿ, ಬಿಸಿಗೆ ಒಳಗಿನ ಪದರ ಹಾಳಾಗುತ್ತದೆ. ಹೋಲ್ಡರ್ ತನ್ನಿ.

ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕುವ. 2600 ಎಂಎಎಚ್ ಸೆಲ್ ಅಂದರೆ 9.6 ವ್ಯಾಟ್ ಅವರ್. ಏರಿಸುವಾಗ ಸೋರಿ ಸುಮಾರು 8 ಉಳಿಯುತ್ತದೆ. ನಿಮ್ಮ ಪಿಎಸ್‌ಪಿ ಬ್ಯಾಟರಿ 1200 ಎಂಎಎಚ್, ಅಂದರೆ 4.3 ವ್ಯಾಟ್ ಅವರ್. ಎರಡು ಸಲ ತುಂಬುತ್ತದೆ ಅನ್ನಿಸುತ್ತದೆ, ಆದರೆ ಒಳಗೆ ಚಾರ್ಜ್ ಆಗುವಾಗಲೂ ನಷ್ಟ ಉಂಟು. ಒಂದೂವರೆ ಸಲ ಅಂತ ಹಿಡಿಯಿರಿ.

ಉತ್ತರ, ಸುರತ್ಕಲ್‌ನಿಂದ:

ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಸೆಲ್ ತೆಗೆಯುವುದಾದರೆ ಒಂದು ಮಾತು. ಮೊದಲು ಅಳೆಯಿರಿ. 2.5 ವೋಲ್ಟಿಗಿಂತ ಕೆಳಗಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಬಳಸಬೇಡಿ. ಉಳಿದದ್ದನ್ನು ಫುಲ್ ಮಾಡಿ ಒಂದು ವಾರ ಸುಮ್ನೆ ಇಡಿ, ಮತ್ತೆ ಅಳೆಯಿರಿ. ತನ್ನಷ್ಟಕ್ಕೇ ಇಳಿಯುವುದು ಕೆಟ್ಟ ಸೆಲ್. ನಾನು ಆರರಲ್ಲಿ ಎರಡು ಮಾತ್ರ ಇಟ್ಟುಕೊಂಡೆ. ಹಳೇ ಸೆಲ್‌ಗೆ 1 ಆಂಪ್ ಚಾರ್ಜಿಂಗ್ ಜಾಸ್ತಿಯಾಗುತ್ತದೆ. ಟಿಪಿ4056 ಬೋರ್ಡಿನ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 2 ಕಿಲೋ ಹಾಕಿದರೆ 580 ಮಿಲಿ ಆಂಪ್‌ಗೆ ಇಳಿಯುತ್ತದೆ.

ಮತ್ತೆ ನಮ್ಮ ಊರಿನ ಗಾಳಿ. ನನ್ನ ಮನೆಯಿಂದ ಸಮುದ್ರ ಕಾಣುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೋಲ್ಡರಿನ ಸ್ಪ್ರಿಂಗ್ ತುಕ್ಕು ಹಿಡಿಯಿತು, ತಾಮ್ರದ ವಯರ್ ತುದಿ ಹಸಿರಾಯಿತು. ಚಾರ್ಜರ್ ಮಾತ್ರ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಬೆಸುಗೆ ಹಾಕಿದ ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಅಂಟುವ ಕೊಳವೆ) ಹಾಕಿ ಮುಚ್ಚಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತಗಡಿನ ಡಬ್ಬಿ ಚಂದ, ಆದರೆ ಒಳಗೆ ಒಂದು ವಯರ್ ತಾಗಿದರೆ ಶಾರ್ಟ್.

ಉತ್ತರ, ಮಣಿಪಾಲದಿಂದ:

ಪಿಎಸ್‌ಪಿಗೆ ಅಂಗಡಿಯ ಪವರ್ ಬ್ಯಾಂಕ್ ಮತ್ತು ಸರಿಯಾದ ಪಿನ್ನಿನ ಯುಎಸ್‌ಬಿ ವಯರ್ ಸಾಕಾಗುತ್ತದೆ, ಅದನ್ನು ಹೇಳದೆ ಇರುವುದು ಸರಿಯಲ್ಲ. ನಾನು ಮನೆಯಲ್ಲಿ ಮಾಡಿಕೊಂಡದ್ದು ನಿಂಟೆಂಡೋದ ಹಳೇ ಗೇಮ್ ಯಂತ್ರ, ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಗೆ. ಅದರ ಬ್ಯಾಟರಿ ಬರೀ 600 ಎಂಎಎಚ್. ತುಂಬುತ್ತಾ ಬಂದ ಹಾಗೆ ಎಳೆಯುವ ಕರೆಂಟ್ ತೀರಾ ಕಡಿಮೆಯಾಗುತ್ತದೆ. ಆಗ ನನ್ನ ಪವರ್ ಬ್ಯಾಂಕ್ ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾನೇ ಆಫ್ ಆಗುತ್ತಿತ್ತು. ಮನೆಯಲ್ಲಿ ಮಾಡಿದ್ದಕ್ಕೆ ಆ ತೊಂದರೆ ಇಲ್ಲ. ಅದೇ ಕಾರಣಕ್ಕೆ ಸ್ವಿಚ್ ಬೇಕೇ ಬೇಕು, ಇಲ್ಲದಿದ್ದರೆ ಕೆಲಸ ಇಲ್ಲದಾಗಲೂ ಸೆಲ್ ಇಳಿಯುತ್ತಿರುತ್ತದೆ. ಸ್ಟೀಮ್ ಡೆಕ್‌ನಂಥ ದೊಡ್ಡ ಗೇಮ್ ಯಂತ್ರ ಇರುವವರು ಈ ಬೋರ್ಡಿಗೆ ಕೈ ಹಾಕಬೇಡಿ. ಅದರ ಚಾರ್ಜರ್ 45 ವ್ಯಾಟಿನದ್ದು, ಇಲ್ಲಿ 5 ವೋಲ್ಟ್ 1 ಆಂಪ್ ಅಂದರೆ 5 ವ್ಯಾಟ್ ಅಷ್ಟೇ.

ಕೇಳಿದವರಿಂದ, ಪ್ರಯಾಣದ ನಂತರ:

ಮಾಡಿದೆ. ಹೊಸ ಸೆಲ್ ತಂದೆ, ಧೈರ್ಯ ಬರಲಿಲ್ಲ ಹಳೇದಕ್ಕೆ. ನನ್ನ ಎಂಟಿ3608 ಬಂದಾಗ 9 ವೋಲ್ಟ್ ತೋರಿಸುತ್ತಿತ್ತು, ಹದಿನಾಲ್ಕನೇ ಸುತ್ತಿಗೆ ಇಳಿಯಿತು. ಉಡುಪಿಯವರು ಹೇಳದಿದ್ದರೆ ಅಣ್ಣನ ಪಿಎಸ್‌ಪಿ ಹೋಗಿಯೇ ಬಿಡುತ್ತಿತ್ತು. ಕುಂದಾಪುರ ದಾಟಿದ ಮೇಲೆ ಆಟ ಶುರು ಮಾಡಿದೆ. ಮಡಗಾಂವ್ ಆದ ಮೇಲೆ ಬ್ಯಾಟರಿ ಮುಗಿಯುತ್ತಾ ಬಂತು ಅಂತ ಪವರ್ ದೀಪ ಮಿನುಗಿತು, ಚಾರ್ಜರ್ ಡಬ್ಬಿ ಸಿಕ್ಕಿಸಿದೆ, ಕಿತ್ತಳೆ ದೀಪ ಬಂತು. ಆಡುತ್ತಲೇ ಇದ್ದೆ. ಡಬ್ಬಿ ಬೆಚ್ಚಗಾಯಿತು, ಕೈ ಸುಡುವಷ್ಟಲ್ಲ. ನಿದ್ದೆ ಬಂದು ಬಿಡುವಾಗ ಡಬ್ಬಿಯ ಸೆಲ್‌ನಲ್ಲಿ ಇನ್ನೂ 3.5 ವೋಲ್ಟ್ ಉಳಿದಿತ್ತು.